ಒಬ್ಬರಿಗೆ ಎರಡು ಮೂರು ಹುಟ್ಟಿದ ದಿನ: ಫೋನಿನಲ್ಲಿ ನಾನು ಬರೆದಿಟ್ಟುಕೊಂಡ ಬಗೆ

ನಮ್ಮ ಮನೆಯ ಹಿರಿಯರಲ್ಲಿ ಹೆಚ್ಚಿನವರಿಗೆ ಹುಟ್ಟಿದ ದಿನ ಎರಡಿವೆ, ಕೆಲವರಿಗೆ ಮೂರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು ಒಂದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪ್ಯಾನ್, ಆಧಾರ್, ಪಿಂಚಣಿ ಎಲ್ಲವೂ ಅದನ್ನೇ ನಂಬಿವೆ. ನಿಜವಾಗಿ ಹುಟ್ಟಿದ ತಾರೀಖು ಇನ್ನೊಂದು. ಪಂಚಾಂಗ ನೋಡಿ ಎಣ್ಣೆಸ್ನಾನ, ಪಾಯಸ ಮಾಡುವ ವರ್ಧಂತಿ ಮೂರನೆಯದು. ಅದು ವರ್ಷಕ್ಕೊಂದು ತಾರೀಖಿಗೆ ಬೀಳುತ್ತದೆ. ಫೋನಿನ ಕಾಂಟ್ಯಾಕ್ಟ್‌ನಲ್ಲಾದರೋ ಹುಟ್ಟುಹಬ್ಬಕ್ಕೆ ಇರುವುದು ಒಂದೇ ಖಾನೆ.

ಆ ಖಾನೆಗೆ ಯಾವುದನ್ನು ತುಂಬುವುದು? ನಾನು ಇಟ್ಟುಕೊಂಡ ನಿಯಮ ಇಷ್ಟೇ: ಆ ಮನುಷ್ಯ ಯಾವ ದಿನ ಫೋನ್ ಬರಲಿ ಎಂದು ಕಾಯುತ್ತಾರೋ ಆ ದಿನ. ದೊಡ್ಡಪ್ಪನಿಗೆ ಜೂನ್ 1ರಂದು ಯಾರಾದರೂ ಶುಭಾಶಯ ಹೇಳಿದರೆ ನಗು ಬರುತ್ತದೆ, 'ಅದು ಮೇಷ್ಟ್ರ ಹುಟ್ಟುಹಬ್ಬ ಕಣಯ್ಯಾ' ಅನ್ನುತ್ತಾರೆ. ಹಾಗಂತ ಆ ತಾರೀಖನ್ನು ಬಿಸಾಡುವಂತಿಲ್ಲ. ಹಿರಿಯ ನಾಗರಿಕರ ಠೇವಣಿ ಬಡ್ಡಿ, ತೆರಿಗೆ ವಿನಾಯಿತಿ ಎಲ್ಲಕ್ಕೂ 60 ತುಂಬುವುದು ಅದೇ ಲೆಕ್ಕದಲ್ಲಿ. ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ಹುಟ್ಟುಹಬ್ಬದ ಜೊತೆಗೆ ಬೇರೆ ವಿಶೇಷ ದಿನಗಳನ್ನೂ ಹಾಕಬಹುದು, ಅದಕ್ಕೆ ನಮಗೆ ಬೇಕಾದ ಹೆಸರು ಕೊಡಬಹುದು. ಅಲ್ಲಿ 'ದಾಖಲೆ' ಎಂದು ಬರೆದು ಆ ತಾರೀಖು ಹಾಕಿದ್ದೇನೆ.

ತಾರೀಖು ಕಲೆಹಾಕುವುದೇ ದೊಡ್ಡ ಕೆಲಸ. ಫೋನಿಗೆ ಹಾಕುವುದು ಒಂದು ಮಧ್ಯಾಹ್ನದ ಮಾತು. ಚಿಕ್ಕವರಿಗೆ ವಾಟ್ಸಾಪ್‌ನಲ್ಲಿ ಕೇಳಿದರೆ ಸಾಕು. ಹಿರಿಯರಿಗೆ ಫೋನ್ ಮಾಡಬೇಕು, ಅದೂ ತಿಂಡಿ ಮುಗಿಸಿ ಕೂತ ಹೊತ್ತಿಗೆ. 'ಅತ್ತೆ, ನಿಮ್ಮದು ಯಾವತ್ತು?' ಎಂದರೆ ತಾರೀಖು ಬರುವುದಿಲ್ಲ, ಕತೆ ಬರುತ್ತದೆ: 'ಗಣಪತಿ ಕೂರಿಸೋ ಹೊತ್ತಿಗೆ ನಮ್ಮಮ್ಮನಿಗೆ ನೋವು ಶುರುವಾಯ್ತಂತೆ.' ಇಷ್ಟು ಸಿಕ್ಕರೆ ಸಾಕು. ಭಾದ್ರಪದ ಶುದ್ಧ ಚೌತಿ ಎಂದಾಯಿತು. ಯಾವ ಸಂವತ್ಸರ ಎಂಬುದು ಜಾತಕದಲ್ಲಿದ್ದರೆ ಡಿಜಿಟಲ್ ಪಂಚಾಂಗದಲ್ಲಿ ಆ ವರ್ಷಕ್ಕೆ ಹಿಂದೆ ಹೋಗಿ ಇಂಗ್ಲಿಷ್ ತಾರೀಖು ಹುಡುಕಬಹುದು. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳುತ್ತದೆ. 1966ರ ಯುಗಾದಿಗೆ ಶುರುವಾದದ್ದು ಪರಾಭವ, 2026ರ ಯುಗಾದಿಗೆ ಬಂದದ್ದೂ ಪರಾಭವ. ಹಾಗಾಗಿ ಅಂದಾಜು ವಯಸ್ಸು ಗೊತ್ತಿದ್ದರೆ ಗೊಂದಲವಿಲ್ಲ.

ಜಾತಕ ನೋಡುವಾಗ ಒಂದು ಎಚ್ಚರ ಬೇಕು. ಪಂಚಾಂಗದಲ್ಲಿ ದಿನ ಶುರುವಾಗುವುದು ಸೂರ್ಯೋದಯಕ್ಕೆ, ಗಡಿಯಾರದಲ್ಲಿ ನಡುರಾತ್ರಿಗೆ. ಶುಕ್ರವಾರ ಬೆಳಗಿನ ಜಾವ ಮೂರಕ್ಕೆ ಹುಟ್ಟಿದವರ ಜಾತಕದಲ್ಲಿ ಗುರುವಾರ ಎಂದಿರುತ್ತದೆ. ನಮ್ಮ ಸೋದರಮಾವನ ಹುಟ್ಟುಹಬ್ಬ 11ನೇ ತಾರೀಖೋ 12ನೇ ತಾರೀಖೋ ಎಂದು ಅಕ್ಕತಂಗಿಯರಲ್ಲಿ ಎಷ್ಟೋ ವರ್ಷದಿಂದ ನಡೆದ ವಾದ ಈ ಒಂದು ಗೆರೆಯ ಮೇಲೆ ನಿಂತಿತ್ತು. ಇಬ್ಬರೂ ಸರಿಯೇ. ಮಾವನನ್ನೇ ಕೇಳಿದೆ, 12 ಎಂದರು, ಅದನ್ನೇ ಹಾಕಿದೆ.

ಫೋನಿಗೆ ಹಾಕುವ ವಿಚಾರದಲ್ಲಿ ಹೇಳಬೇಕಾದದ್ದು ಕಡಿಮೆ. ಕಾಂಟ್ಯಾಕ್ಟ್‌ಗಳು ಸಿಮ್‌ನಲ್ಲಿದ್ದರೆ ಮೊದಲು ಅವನ್ನು ಜಿಮೇಲ್ ಖಾತೆಗೆ ಸಾಗಿಸಿ. ಸಿಮ್‌ನಲ್ಲಿ ಹುಟ್ಟಿದ ದಿನಕ್ಕೆ ಜಾಗವೇ ಇಲ್ಲ. 'ಅಕ್ಕ', 'ಅಕ್ಕ ಹೊಸ ನಂಬರ್', 'ಅಕ್ಕ ಜಿಯೋ' ಮೂರನ್ನೂ ಒಂದು ಮಾಡಿ. ಫೋನೇ ಇಲ್ಲದ ಮಕ್ಕಳಿಗೆ ಬರೀ ಹೆಸರು, ತಾರೀಖು ಹಾಕಿ ಕಾಂಟ್ಯಾಕ್ಟ್ ಮಾಡಿದರೂ ನಡೆಯುತ್ತದೆ, ನಂಬರ್ ಬೇಕೆಂದೇನಿಲ್ಲ. ಹುಟ್ಟಿದ ವರ್ಷ ಗೊತ್ತಿಲ್ಲದಿದ್ದರೆ ಬಿಡಬಹುದು. ಐಫೋನ್ ಹೀಗೆ ವರ್ಷ ಬಿಟ್ಟವರಿಗೆ ಒಳಗೊಳಗೇ 1604 ಎಂದು ಗುರುತು ಹಾಕಿಕೊಳ್ಳುತ್ತದೆ. ಕಾಂಟ್ಯಾಕ್ಟ್‌ಗಳನ್ನು ಬೇರೆ ಕಡೆ ಸಾಗಿಸಿದಾಗ ಭಾವನಿಗೆ ನಾನೂರು ದಾಟಿದಂತೆ ಕಂಡರೆ ಗಾಬರಿಯಾಗಬೇಡಿ.

ಕಷ್ಟದ್ದು ವರ್ಧಂತಿ. ಗೂಗಲ್ ಕ್ಯಾಲೆಂಡರ್‌ನಲ್ಲಿ 'ಪ್ರತಿ ವರ್ಷ' ಎಂದರೆ ಇಂಗ್ಲಿಷ್ ತಾರೀಖಿನ ವರ್ಷ. ಅತ್ತೆಯ ಚೌತಿ 2023ರಲ್ಲಿ ಸೆಪ್ಟೆಂಬರ್ 18ಕ್ಕೆ ಬಂತು, 2024ರಲ್ಲಿ ಸೆಪ್ಟೆಂಬರ್ 7ಕ್ಕೆ, 2025ರಲ್ಲಿ ಆಗಸ್ಟ್ 27ಕ್ಕೆ. 2026ರಲ್ಲಿ ಅಧಿಕ ಜ್ಯೇಷ್ಠ ನಡುವೆ ಬಂದು ಮತ್ತೆ ಸೆಪ್ಟೆಂಬರ್ 14ಕ್ಕೆ ಹಾರಿತು. ಚಾಂದ್ರಮಾನದ ವರ್ಷ ಸುಮಾರು 354 ದಿನದ್ದು, ಅದಕ್ಕೇ ಈ ಹಿಂದೆ ಮುಂದೆ. 19 ವರ್ಷಕ್ಕೊಮ್ಮೆ ಮಾತ್ರ ಎರಡೂ ಹೆಚ್ಚುಕಡಿಮೆ ಕೂಡುತ್ತವೆ. 2004ರಲ್ಲೂ ಗಣಪತಿ ಹಬ್ಬ ಸೆಪ್ಟೆಂಬರ್ 18ಕ್ಕೇ ಇತ್ತು.

ಹಾಗಾಗಿ ವರ್ಧಂತಿಗೆ ರಿಪೀಟ್ ಹಾಕುವುದೇ ಇಲ್ಲ. ಯುಗಾದಿಗೆ ಒಂಟಿಕೊಪ್ಪಲ್ ಪಂಚಾಂಗ ಮನೆಗೆ ಬಂದ ಮೇಲೆ ಒಂದು ದಿನ ಕೂತು, ಎಕ್ಸೆಲ್ ಹಾಳೆಯಲ್ಲಿ ಹೆಸರು, ಮಾಸ, ಪಕ್ಷ, ತಿಥಿ ಇರುವ ಪಟ್ಟಿಯ ಪಕ್ಕ ಆ ವರ್ಷದ ತಾರೀಖು ತುಂಬುತ್ತೇನೆ. ಅದರಿಂದ ಹೆಸರು, ತಾರೀಖು ಎರಡೇ ಕಾಲಂ ಬೇರೆ ಮಾಡಿ, ಸಿಎಸ್‌ವಿ ಕಡತವಾಗಿಸಿ (ಕಾಲಂಗಳ ನಡುವೆ ಅಲ್ಪವಿರಾಮ ಇರುವ ಸಾದಾ ಪಠ್ಯದ ಕಡತ), ಕಂಪ್ಯೂಟರ್‌ನಲ್ಲಿ ಗೂಗಲ್ ಕ್ಯಾಲೆಂಡರ್ ತೆರೆದು ಇಂಪೋರ್ಟ್ ಕೊಟ್ಟರೆ ಇಡೀ ವರ್ಷದ್ದು ಒಟ್ಟಿಗೆ ಕೂತುಕೊಳ್ಳುತ್ತದೆ. ಕಾಲಂ ತಲೆಬರಹ ಇಂಗ್ಲಿಷಿನಲ್ಲೇ ಇರಬೇಕು. ನಾನು ತಿಂಗಳು ಮೊದಲು, ದಿನ ಆಮೇಲೆ ಬರೆಯುತ್ತೇನೆ. ಅಧಿಕ ಮಾಸ ಬಂದ ವರ್ಷ ವರ್ಧಂತಿಯನ್ನು ನಿಜ ಮಾಸಕ್ಕೆ ಹಾಕುವುದು ನಮ್ಮ ಮನೆಯ ರೂಢಿ. ಅಜ್ಜ ಅಜ್ಜಿಯರ ಶ್ರಾದ್ಧವೂ ಇದೇ ಹಾಳೆಯಲ್ಲಿದೆ, ಆದರೆ ಅದನ್ನು ಸೂರ್ಯೋದಯದ ತಿಥಿಯಲ್ಲ, ಅಪರಾಹ್ಣದ ತಿಥಿ ನೋಡಿ ಮಾಡುವುದರಿಂದ ತಾರೀಖು ಒಂದು ದಿನ ಆಚೀಚೆ ಆಗಬಹುದು. ಅಲ್ಲಿ ನನ್ನ ಜಾಣತನ ತೋರಿಸುವುದಿಲ್ಲ, ಪುರೋಹಿತರನ್ನು ಕೇಳಿಯೇ ಹಾಕುತ್ತೇನೆ. ಕರಾವಳಿಯ ಬೀಗರ ಕಡೆ ಸೌರಮಾನ. ಅವರದು ಸಂಕ್ರಮಣದ ಲೆಕ್ಕ, ಬೇರೆ ಹಾಳೆ.

ಇವೆಲ್ಲ 'ಮನೆ' ಎಂಬ ಪ್ರತ್ಯೇಕ ಕ್ಯಾಲೆಂಡರ್‌ನಲ್ಲಿವೆ. ಅಣ್ಣ, ಅತ್ತಿಗೆ, ತಂಗಿ ಎಲ್ಲರಿಗೂ ಅದನ್ನು ಹಂಚಿದ್ದೇನೆ. ಪ್ರತಿಯೊಂದನ್ನೂ ಇಡೀ ದಿನದ್ದಾಗಿ ಹಾಕಿದ್ದೇನೆ, ಗಂಟೆ ನಮೂದಿಸಿಲ್ಲ. ತಂಗಿ ಕ್ಯಾಲಿಫೋರ್ನಿಯಾದಲ್ಲಿದ್ದಾಳೆ; ನಾವು ರಾತ್ರಿ 12 ಗಂಟೆ ಎಂದು ಹಾಕಿದರೆ ಅವಳ ಫೋನಿನಲ್ಲಿ ಹಿಂದಿನ ದಿನ ಬೆಳಗ್ಗೆ ಹತ್ತೂವರೆಯೋ ಹನ್ನೊಂದೂವರೆಯೋ ತೋರಿಸುತ್ತದೆ. ರಿಮೈಂಡರ್ ಎರಡು: ಕೊರಿಯರ್ ಕಳಿಸಲು ಸಮಯ ಸಿಗಲಿ ಎಂದು ವಾರ ಮೊದಲೊಂದು, ಆ ದಿನ ಬೆಳಗ್ಗೆ ಒಂದು. ಹಿಂದಿನ ರಾತ್ರಿಯ ರಿಮೈಂಡರ್ ನನಗೆ ಪ್ರಯೋಜನಕ್ಕೆ ಬರುವುದಿಲ್ಲ, ಬೆಳಗಾಗುವುದರೊಳಗೆ ಮರೆತಿರುತ್ತೇನೆ.

ಹಂಚಿದ ಕ್ಯಾಲೆಂಡರ್‌ನಲ್ಲಿ ಹುಟ್ಟಿದ ವರ್ಷ ಮಾತ್ರ ಬರೆಯುವುದಿಲ್ಲ. ಇ-ಆಧಾರ್ ಕಡತದ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ವರ್ಷ. ಬ್ಯಾಂಕಿನ ಸ್ಟೇಟ್‌ಮೆಂಟ್ ತೆರೆಯಲೂ ಎಷ್ಟೋ ಕಡೆ ಹುಟ್ಟಿದ ತಾರೀಖೇ ಬೇಕು. ಅದು ಹತ್ತು ಜನರ ಫೋನಿನಲ್ಲಿ ಓಡಾಡುವುದು ಬೇಡ. 'ವಯಸ್ಸು ಎಷ್ಟೂಂತ ಕಾಣಲ್ವಲ್ಲ' ಎಂದು ಅತ್ತಿಗೆ ಆಕ್ಷೇಪ ಎತ್ತಿದರು. ಚಿಕ್ಕಮ್ಮನಿಗೆ ಮಾತ್ರ ಈ ಏರ್ಪಾಡು ಬಹಳ ಹಿಡಿಸಿದೆ.