ಕಾರವಾರದಿಂದ ಮಡಗಾಂವಕ್ಕೆ ಮಾಲು ಕಳಿಸ್ತೀರಾ? ಮೊದಲು ಇಷ್ಟು ನೋಡಿಕೊಳ್ಳಿ

ಗೋವಾ ಗಡಿಯ ಮಾಜಾಳಿಯಲ್ಲಿ ಈಗ ತೆರಿಗೆ ಚೆಕ್‌ಪೋಸ್ಟ್ ಇಲ್ಲ, 2017ರಲ್ಲಿ ಜಿಎಸ್‌ಟಿ ಬಂದಾಗ ಹೋಯಿತು. ಹಾಗಂತ ಟೆಂಪೊ ತುಂಬಿ ಸುಮ್ನೆ ಹೊರಡಬೇಡಿ. ಕೊಂಕಣಿಯಲ್ಲೇ ಮಾತಾಡಿ ವ್ಯಾಪಾರ ಕುದುರಿಸಬಹುದು ನಿಜ, ಆದರೆ ಕಾಗದದ ಲೆಕ್ಕದಲ್ಲಿ ಪಕ್ಕದಲ್ಲೇ ಇರುವ ಗೋವಾದ ಕಾಣಕೋಣ ಹೊರರಾಜ್ಯ, ಘಟ್ಟದ ಮೇಲಿನ ಹುಬ್ಬಳ್ಳಿ ನಮ್ಮದೇ.

ಮೊದಲು ಮಾಲು ಯಾವುದು ನೋಡಿ. ಅಂಕೋಲೆಯ ಈಶಾಡು ಮಾವಿನಹಣ್ಣು ಒಯ್ದರೆ ತೆರಿಗೆ ಇಲ್ಲ, ಬರೀ ಅಂಥದ್ದನ್ನೇ ಮಾರುವವರಿಗೆ ಜಿಎಸ್‌ಟಿ ನೋಂದಣಿಯೂ ಬೇಡ. ಅದೇ ಹಣ್ಣಿನ ರಸ ತೆಗೆದು ಡಬ್ಬಿಗೆ ಹಾಕಿದಿರೋ, ಕತೆಯೇ ಬೇರೆ, ಅದಕ್ಕೆ ತೆರಿಗೆ ಇದೆ. ರಾಜ್ಯದೊಳಗೆ ಮಾರಿದರೆ ವರ್ಷಕ್ಕೆ 40 ಲಕ್ಷ ವಹಿವಾಟಿನವರೆಗೆ ನೋಂದಣಿ ಬೇಡ. ಗಡಿಯಾಚೆ ಮಾರಲು ಆ ಮಿತಿ ಲೆಕ್ಕಕ್ಕಿಲ್ಲ, ಮೊದಲ ಡಬ್ಬಿಗೇ ನೋಂದಣಿ ಬೇಕು. ಶಿರಸಿಯ ಅಪ್ಪೆಮಿಡಿ ಉಪ್ಪಿನಕಾಯಿಗೂ ಇದೇ. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಇಂತಿಷ್ಟು ಅಂತ ಕಡಿಮೆ ತೆರಿಗೆ ಕಟ್ಟುವ ಕಾಂಪೋಸಿಷನ್ ಸ್ಕೀಮ್‌ನಲ್ಲಿದ್ದರೆ ಗೋವಾದಿಂದ ತರಿಸಬಹುದು, ಗೋವಾಕ್ಕೆ ಮಾರುವಂತಿಲ್ಲ. ಗಡಿ ಊರಿನ ಸಣ್ಣ ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಬಿಲ್ಲಿನಲ್ಲಿ ಐಜಿಎಸ್‌ಟಿ, ಅಂದರೆ ಹೊರರಾಜ್ಯದ ಮಾರಾಟಕ್ಕೆ ಹಾಕುವ ಜಿಎಸ್‌ಟಿ ಹಾಕಿ. ರೂಢಿಬಲದಲ್ಲಿ ರಾಜ್ಯದೊಳಗಿನ ಮಾರಾಟಕ್ಕೆ ಹಾಕುವ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಹಾಕಿದರೆ ಮಡಗಾಂವದ ಅಂಗಡಿಯವರಿಗೆ ಕ್ರೆಡಿಟ್ (ಕೊಟ್ಟ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳೋದು) ಸಿಗದೆ ಮುಂದಿನ ಆರ್ಡರ್ ಬರೋದೇ ಇಲ್ಲ.

ತೆರಿಗೆ ಸೇರಿ ಬಿಲ್ 50,000 ದಾಟಿದರೆ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಚೀಟಿ ಮಾಡಿಸಿ. ಅದರ ಬಿ ಭಾಗದಲ್ಲಿ ಗಾಡಿ ನಂಬರ್ ಇರಲೇಬೇಕು. ದಾರಿಯಲ್ಲಿ ಗಾಡಿ ಕೆಟ್ಟು ಮಾಲು ಬೇರೆ ಗಾಡಿಗೆ ಹೇರಿದರೆ, ಹೊರಡುವ ಮೊದಲೇ ಮೊಬೈಲಿನಲ್ಲಿ ನಂಬರ್ ಬದಲಿಸಿ. ಗೇಟ್ ಇಲ್ಲ ಅಂದ ಮಾತ್ರಕ್ಕೆ ತಪಾಸಣೆ ಇಲ್ಲ ಅಂತಲ್ಲ, ಹೆದ್ದಾರಿಯಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸ್ತಾರೆ. ಸಿಕ್ಕಿಬಿದ್ದರೆ ದಂಡ ತೆರಿಗೆಯ ಎರಡು ಪಟ್ಟು.

ಹಸಿ ಮೀನಿಗೆ ತೆರಿಗೆ ಇಲ್ಲ, ಆದರೆ ತಲೆನೋವು ಜಾಸ್ತಿ. ಮೀನು ಕೆಡದಂತೆ ಫಾರ್ಮಾಲಿನ್ ಅನ್ನೋ ರಾಸಾಯನಿಕ ಹಾಕ್ತಾರೆ ಅಂತ 2018ರಲ್ಲಿ ಗಲಾಟೆ ಆದ ಮೇಲೆ ಗೋವಾದವರು ಹೊರಗಿನ ಮೀನಿಗೆ ಇನ್ಸುಲೇಟೆಡ್ ಗಾಡಿ, ಆಹಾರ ಇಲಾಖೆಯ ನೋಂದಣಿ ಕೇಳತೊಡಗಿದರು. ಈಗ ಏನೇನು ಕೇಳ್ತಾರೆ ಅಂತ ಖರೀದಿದಾರರ ಹತ್ತಿರ ವಿಚಾರಿಸಿಯೇ ಐಸ್ ಹಾಕಿಸಿ.

ಗಾಡಿಯ ಒಟ್ಟು ತೂಕ 3,000 ಕಿಲೋ ಮೀರದಿದ್ದರೆ ಪರ್ಮಿಟ್ ಬೇಡ. ದೊಡ್ಡದಾದರೆ ಬೇರೆ ರಾಜ್ಯಕ್ಕೂ ಓಡಿಸಲು ಬಿಡುವ ನ್ಯಾಶನಲ್ ಪರ್ಮಿಟ್ ಇದೆಯಾ ಕೇಳಿ.

ಡ್ರೈವರ್‌ಗೂ ಒಂದು ಮಾತು ಹೇಳಿಡಿ: ಬರುವಾಗ ಸೀಟಿನಡಿ ಗೋವಾ ಬಾಟಲಿ ಬೇಡ. ಅಬಕಾರಿಯವರ ಚೆಕ್‌ಪೋಸ್ಟ್ ಮಾಜಾಳಿಯಲ್ಲಿ ಹಾಗೇ ಇದೆ, ಬಾಟಲಿ ಜೊತೆ ಗಾಡಿಯನ್ನೂ ಹಿಡಿದಿಟ್ಟುಕೊಳ್ತಾರೆ.