ಮೂವರು ವಿಕ್ರಮಾದಿತ್ಯರ ನಡುವೆ ಸಿಕ್ಕಿಬಿದ್ದಾಗ

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಮುಂದೆ ಮಕ್ಕಳನ್ನು ನಿಲ್ಲಿಸಿಕೊಂಡು, "ಕಂಚಿ ಗೆದ್ದ ನೆನಪಿಗೆ ಒಂದನೇ ವಿಕ್ರಮಾದಿತ್ಯನ ರಾಣಿ ಕಟ್ಟಿಸಿದ ಗುಡಿ ಇದು" ಎಂದುಬಿಟ್ಟೆ. ಮಧ್ಯಾಹ್ನ ಬುತ್ತಿ ಬಿಚ್ಚಿ ಕುಳಿತಾಗ ಎಂಟನೇ ತರಗತಿಯ ಹುಡುಗಿಯೊಬ್ಬಳು ರೊಟ್ಟಿ, ಶೇಂಗಾ ಚಟ್ನಿ ಹಿಡಿದುಕೊಂಡೇ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಸರ್, ಎರಡನೇ ವಿಕ್ರಮಾದಿತ್ಯ ಅಲ್ಲವೇ?"

ಬಾಗಲಕೋಟೆ ಜಿಲ್ಲೆಯಲ್ಲೇ ಹದಿನೆಂಟು ವರ್ಷ ಇತಿಹಾಸ ಕಲಿಸಿದವನು ನಾನು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲ ಸಂಗತಿ ಅದು. ಮರೆತಿರಲಿಲ್ಲ, ಒಂದೇ ಹೆಸರಿಗೆ ಇಬ್ಬರು ಓಗೊಟ್ಟರು, ತಪ್ಪಾದವನು ಮೊದಲು ಬಂದು ನಿಂತ. ಇಬ್ಬರೂ ಪಲ್ಲವರ ಮೇಲೆ ಯುದ್ಧಕ್ಕೆ ಹೋದವರು ಬೇರೆ! ಹಳೆ ಬಾಗಲಕೋಟೆಯಿಂದ ನವನಗರಕ್ಕೆ ಬಂದ ಮೇಲೆ ನನ್ನ ಕೈ ಎಷ್ಟೋ ದಿನ ಸ್ವಿಚ್ಚಿಗಾಗಿ ಬಾಗಿಲಿನ ಎಡಕ್ಕೇ ಹೋಗುತ್ತಿತ್ತು. ಇದೂ ಅದೇ ಜಾತಿಯದು.

ಬಿ.ಇಡಿ. ಓದುವಾಗ ಉರು ಹೊಡೆದಿದ್ದ ಪಾಠ ಆಗ ನೆನಪಾಯಿತು. 1957ರಲ್ಲಿ ಅಮೆರಿಕದ ಮನೋವಿಜ್ಞಾನಿ ಬೆಂಟನ್ ಅಂಡರ್‌ವುಡ್ ನೆನಪಿನ ಬಗೆಗಿನ ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬಾಯಿಪಾಠಕ್ಕೆ ಕೊಟ್ಟ ಪದಗಳ ಒಂದೇ ಪಟ್ಟಿ ಕಲಿತವರಿಗೆ ಮರುದಿನ ಸುಮಾರು ಮುಕ್ಕಾಲು ಭಾಗ ನೆನಪಿತ್ತು. ಅದಕ್ಕೆ ಮೊದಲೇ ಹದಿನೈದು–ಇಪ್ಪತ್ತು ಪಟ್ಟಿ ಕಲಿತಿದ್ದವರಿಗೆ ಕಾಲು ಭಾಗವೂ ಉಳಿದಿರಲಿಲ್ಲ. ಹಳೆಯದು ಹೊಸದಕ್ಕೆ ಅಡ್ಡ ಬಂದಿತ್ತು. ಹೊಸದೂ ಹಳೆಯದಕ್ಕೆ ಹಾಗೆಯೇ ಅಡ್ಡ ಬರುತ್ತದೆ.

ನಾನಾದರೋ ಪರೀಕ್ಷೆಗೆ ಮುಂಚೆ ಒಂದು, ಎರಡು, ಆರು ಎಂದು ಮೂವರು ಚಾಲುಕ್ಯ ವಿಕ್ರಮಾದಿತ್ಯರನ್ನೂ ಒಂದೇ ಅವಧಿಯಲ್ಲಿ ಕರಿಹಲಗೆಯ ಮೇಲೆ ಸಾಲಾಗಿ ಬರೆಯುತ್ತಿದ್ದೆ. ಮಕ್ಕಳ ತಲೆಯಲ್ಲಿ ಜಗಳ ಹಚ್ಚಿದವನೇ ನಾನು.

ಮರುವರ್ಷ ಸಂಖ್ಯೆಯನ್ನೇ ಬದಿಗಿಟ್ಟೆ. ಮೊದಲಿಗೆ ಒಬ್ಬನೇ ಬಂದ: 642ರಲ್ಲಿ ಪಲ್ಲವರ ಪಾಲಾದ ಬಾದಾಮಿಯನ್ನು 655ರ ಹೊತ್ತಿಗೆ ಮರಳಿ ಪಡೆದ, ಇಮ್ಮಡಿ ಪುಲಕೇಶಿಯ ಮಗ. ಅವನಿಗೆ 'ಊರು ಬಿಡಿಸಿಕೊಂಡ ಮಗ' ಎಂದು ಹೆಸರಿಟ್ಟೆವು. ಮುಂದಿನ ಎರಡು ಅವಧಿ ಯಾವ ರಾಜನೂ ಇಲ್ಲ, ಬರೀ ನಕ್ಷೆ ಬಿಡಿಸುವ ಕೆಲಸ. ವಾರದ ನಂತರ ಎರಡನೆಯವನು ಬಂದದ್ದು ವಿರೂಪಾಕ್ಷ ಗುಡಿ ಕಟ್ಟಿಸಿದ ರಾಣಿಯ ಬೆನ್ನ ಹಿಂದೆ, 'ಲೋಕಮಹಾದೇವಿಯ ಗಂಡ'ನಾಗಿ. ಕಲ್ಯಾಣದ ಆರನೆಯವನು 1076ರಲ್ಲಿ ತನ್ನದೇ ವರ್ಷಗಣನೆ ಆರಂಭಿಸಿದವನಲ್ಲವೇ, ಅವನು 'ಹೊಸ ಶಕೆಯವನು'. ಮೂವರೂ ಬೇರೆ ಬೇರೆಯಾಗಿ ಕುದುರಿದ ಮೇಲಷ್ಟೇ ಪ್ರಶ್ನೆಗಳನ್ನು ಕಲಸಿ ಕೇಳಿದೆ. ಈ ಕಲಸುವ ಕೆಲಸ ಬಿಟ್ಟರೆ ಉಳಿದದ್ದೆಲ್ಲ ಅರ್ಧಂಬರ್ಧ ಎಂಬುದು ನನ್ನ ಅನುಭವ. ಒಬ್ಬೊಬ್ಬನನ್ನೇ ಕೇಳಿದರೆ ಎಲ್ಲರೂ ಜಾಣರೇ.

ಗೊಂದಲದ ಪಾಠವನ್ನು ರಾತ್ರಿ ಕೊನೆಗೆ ಓದಿ ಮಲಗಿಬಿಡಿ ಎಂದೂ ಹೇಳುತ್ತೇನೆ. ಕಲಿತ ಮೇಲೆ ಎಚ್ಚರವಿದ್ದರೆ ಮರೆವು ಹೆಚ್ಚು, ನಿದ್ದೆ ಮಾಡಿದರೆ ಕಡಿಮೆ ಎಂದು ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ 1924ರಲ್ಲೇ ತೋರಿಸಿದ್ದರು, ಅದೂ ಇಬ್ಬರೇ ವಿದ್ಯಾರ್ಥಿಗಳನ್ನು ಇಟ್ಟುಕೊಂಡು.

ಈ ಸಲದ ಉತ್ತರಪತ್ರಿಕೆಗಳಲ್ಲಿ ವಿಕ್ರಮಾದಿತ್ಯರು ತಂತಮ್ಮ ಜಾಗದಲ್ಲೇ ಇದ್ದರು. ಆದರೆ ವಿರೂಪಾಕ್ಷ ಗುಡಿಯನ್ನು ತ್ರೈಲೋಕ್ಯಮಹಾದೇವಿಯ ಹೆಸರಿಗೆ ಬರೆದವರು ಏಳು ಮಂದಿ. ಅವಳು ಕಟ್ಟಿಸಿದ್ದು ಪಕ್ಕದ ಮಲ್ಲಿಕಾರ್ಜುನ. ಅವಳೂ ಲೋಕಮಹಾದೇವಿಯೂ ಅಕ್ಕತಂಗಿಯರು, ಗಂಡನೂ ಒಬ್ಬನೇ, ಗುಡಿಗಳೂ ಅಕ್ಕಪಕ್ಕ. ಇವರನ್ನು ಹೇಗೆ ಬಿಡಿಸುವುದೋ ಇನ್ನೂ ಹೊಳೆದಿಲ್ಲ.