ಕಾರಿನ ಪೈಪ್ ಮಾಡುತ್ತಾ ಮನೆಯಲ್ಲೇ ಆರ್ಗಾನ್ ವೆಲ್ಡಿಂಗ್ ಕಲಿಯಿರಿ

ಬಳ್ಳಾರಿಯಲ್ಲಿ ಗೇಟು, ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿಗಳಿಗೆ ಬರವಿಲ್ಲ. ಆದರೆ ಟಿಗ್, ಅಂದರೆ ಅಂಗಡಿಗಳಲ್ಲಿ ಆರ್ಗಾನ್ ವೆಲ್ಡಿಂಗ್ ಅನ್ನುವುದನ್ನು ಬಿಡುವಾದಾಗ ಕೂತು ಕಲಿಯಬೇಕು ಅಂದರೆ ಮನೆಯೇ ಸರಿಯಾದ ಜಾಗ. ಇದರಲ್ಲಿ ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ಆರ್ಕ್, ಅಂದರೆ ವಿದ್ಯುತ್ ಕಿಡಿ, ಹೊತ್ತಿಸಿ ಲೋಹ ಕರಗಿಸುತ್ತಾರೆ. ಸುತ್ತ ಹರಿಯುವ ಆರ್ಗಾನ್ ಗ್ಯಾಸ್ ಅದಕ್ಕೆ ಗಾಳಿ ತಾಗದಂತೆ ಹೊದಿಕೆಯಾಗುತ್ತದೆ. ಕಲಿಯೋಕೆ ಕಾರಿನ ಹೊಗೆ ಪೈಪ್, ಗಾಳಿ ಪೈಪ್‌ಗಿಂತ ಒಳ್ಳೆಯ ಕೆಲಸ ಇಲ್ಲ. ಚಪ್ಪಟೆ ತಗಡಿನ ಮೇಲೆ ಸುಮ್ನೆ ಗೆರೆ ಎಳೆಯುತ್ತಾ ಕೂತರೆ ಬೇಗ ಬೇಜಾರಾಗುತ್ತದೆ. ಪೈಪ್ ಆದರೆ ಕೈ ಸುತ್ತಲೂ ತಿರುಗಬೇಕು, ಜೊತೆಗೆ ವೆಲ್ಡ್ ಒಳಗೆ ಹೇಗೆ ಇಳಿದಿದೆ ಅಂತ ಟಾರ್ಚ್ ಬೆಳಕು ಬಿಟ್ಟು ನೋಡಬಹುದು.

ಶುರು ಮಾಡೋದು ಸೈಲೆನ್ಸರ್ ಆದಮೇಲೆ ಬರುವ ಹಿಂದಿನ ತುಂಡಿನಿಂದ. ಅಲ್ಲಿ ಸಣ್ಣದಾಗಿ ಸೋರಿದರೂ ಎಂಜಿನ್‌ಗೆ ಏನೂ ಆಗಲ್ಲ. ಕೈ ಕೂತ ಮೇಲೆ ಇಂಟರ್‌ಕೂಲರ್ (ಟರ್ಬೊದಿಂದ ಎಂಜಿನ್‌ಗೆ ಹೋಗುವ ಗಾಳಿಯನ್ನು ತಣಿಸುವ ಭಾಗ) ಪೈಪ್‌ಗೆ ಹೋಗಿ. ಬ್ರೇಕ್ ಲೈನ್, ಡೀಸೆಲ್ ಪೆಟ್ರೋಲ್ ಲೈನ್ ಮಾತ್ರ ಯಾವತ್ತೂ ಮುಟ್ಟಬೇಡಿ. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕತ್ತರಿಸಿ ತೆಗೆಯೋದು, ಸೌಂಡ್ ಜಾಸ್ತಿ ಮಾಡೋದು ಬೇಡ. ಅದು ಕಾನೂನಿಗೆ ವಿರುದ್ಧ, ಓಣಿಯವರ ನಿದ್ದೆಯೂ ಕೆಡುತ್ತದೆ.

ಮೆಷಿನ್‌ಗೆ ತ್ರೀ ಫೇಸ್ ಬೇಕಿಲ್ಲ. ಟಿಗ್‌ನಲ್ಲಿ 100 ಆಂಪ್ ಹರಿದರೂ ಆರ್ಕ್‌ನ ವೋಲ್ಟೇಜ್ 14ರ ಆಸುಪಾಸು, ಅಂದರೆ ಸುಮಾರು 1.4 ಕಿಲೋವ್ಯಾಟ್. ನಮ್ಮ ಪೈಪ್‌ಗೆ 50 ಆಂಪ್ ದಾಟುವುದೇ ಅಪರೂಪ. ಒಳ್ಳೆಯ ಅರ್ತಿಂಗ್ ಇರುವ 16 ಆಂಪ್ ಪಾಯಿಂಟ್ ಸಾಕು. ಹೈ ಫ್ರೀಕ್ವೆನ್ಸಿ ಸ್ಟಾರ್ಟ್ (ಪೈಪ್‌ಗೆ ಮುಟ್ಟಿಸದೆಯೇ ಆರ್ಕ್ ಹೊತ್ತುವ ವ್ಯವಸ್ಥೆ) ಇರುವ ಇನ್ವರ್ಟರ್ ಮೆಷಿನ್ ತಗೊಳ್ಳಿ. ಮುಂದೆ ಅಲ್ಯೂಮಿನಿಯಂ ಮಾಡುವ ಆಸೆ ಇದ್ದರೆ ಎಸಿ ಡಿಸಿ ಎರಡೂ ಇರುವುದನ್ನೇ ನೋಡಿ, ಬರೀ ಡಿಸಿ ಮೆಷಿನ್‌ನಲ್ಲಿ ಅಲ್ಯೂಮಿನಿಯಂ ಸರಿಯಾಗಿ ಆಗಲ್ಲ. ಸ್ಟೀಲ್‌ಗೆ ಟಾರ್ಚ್ (ಟಂಗ್‌ಸ್ಟನ್ ಕಡ್ಡಿ ಇರುವ, ಕೈಯಲ್ಲಿ ಹಿಡಿಯುವ ವೆಲ್ಡಿಂಗ್ ಹಿಡಿಕೆ) ಮೈನಸ್‌ಗೆ, ಅರ್ತ್ ಕ್ಲಾಂಪ್ ಪ್ಲಸ್‌ಗೆ.

ಗ್ಯಾಸ್ ವಿಷಯದಲ್ಲಿ ನಾವು ಅದೃಷ್ಟವಂತರು. ತೋರಣಗಲ್ಲಿನಂಥ ಕಡೆ ಉಕ್ಕಿನ ಕೆಲಸಕ್ಕೆ ಗಾಳಿಯಿಂದ ಆಕ್ಸಿಜನ್ ಬೇರೆ ಮಾಡುತ್ತಾರೆ. ಗಾಳಿಯಲ್ಲಿ ಶೇಕಡ 0.93ರಷ್ಟು ಇರುವ ಆರ್ಗಾನ್ ಬರುವುದೂ ಇದೇ ದಾರಿಯಿಂದ. ಅಂಗಡಿಯಲ್ಲಿ ಶುದ್ಧ ಆರ್ಗಾನ್ ಅಂತಲೇ ಬಿಡಿಸಿ ಕೇಳಿ. ಮಿಗ್‌ಗೆ (ತಂತಿ ತಾನಾಗಿ ಬರುವ ಇನ್ನೊಂದು ಥರದ ವೆಲ್ಡಿಂಗ್) ಬಳಸುವ ಕಾರ್ಬನ್ ಡೈಆಕ್ಸೈಡ್ ಮಿಕ್ಸ್ ಕೊಟ್ಟರೆ ಟಂಗ್‌ಸ್ಟನ್ ಸುಟ್ಟು ಕರಿಯಾಗುತ್ತದೆ. 7 ಘನ ಮೀಟರ್ ಸಿಲಿಂಡರ್ ಅಂದರೆ 7,000 ಲೀಟರ್, ನಿಮಿಷಕ್ಕೆ 8 ಲೀಟರ್ ಬಿಟ್ಟರೆ 14 ಗಂಟೆ ಬರುತ್ತದೆ. ಸಿಲಿಂಡರ್ ನಿಲ್ಲಿಸಿ ಗೋಡೆಗೆ ಚೈನ್ ಹಾಕಿ ಕಟ್ಟಿ. ನಮ್ಮ ಏಪ್ರಿಲ್ ಮೇ ಬಿಸಿಲಿಗೆ ಇಡಬೇಡಿ.

ಇನ್ನು ಆಷಾಢದ ಗಾಳಿ. ಇದನ್ನು ಬೇರೆ ಊರಿನವರು ಬರೆದ ಪಾಠಗಳಲ್ಲಿ ಹೇಳಿರಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಪಶ್ಚಿಮದಿಂದ ಬೀಸುವ ಗಾಳಿ ಎಷ್ಟು ಜೋರು ಅಂತ ಗೊತ್ತಲ್ವಾ, ಅಂಗಳದಲ್ಲಿ ಕೂತರೆ ಆರ್ಗಾನ್ ಹೊದಿಕೆ ಹಾರಿಹೋಗಿ ವೆಲ್ಡ್ ತುಂಬಾ ಸಣ್ಣ ಸಣ್ಣ ತೂತು ಬೀಳುತ್ತದೆ. ಗ್ಯಾಸ್ ಜಾಸ್ತಿ ಮಾಡಿದರೆ ಸರಿಹೋಗಲ್ಲ, ಟಾರ್ಚ್ ತುದಿಯಲ್ಲಿ ಗ್ಯಾಸ್ ಹೊರಬರುವ ಕಪ್‌ನ ಬಾಯಲ್ಲಿ ಸುಳಿ ಎದ್ದು ಹೊರಗಿನ ಗಾಳಿಯನ್ನೇ ಒಳಗೆ ಎಳೆಯುತ್ತದೆ. ಪಶ್ಚಿಮಕ್ಕೆ ತಗಡು ಅಡ್ಡ ಇಡಿ, ಫ್ಯಾನ್ ಆಫ್ ಮಾಡಿ. ಹಾಗಂತ ಕೋಣೆಯ ಬಾಗಿಲು, ಕಿಟಕಿ ಎಲ್ಲಾ ಮುಚ್ಚಬೇಡಿ. ಆರ್ಗಾನ್ ಗಾಳಿಗಿಂತ ಭಾರ, ಕೆಳಗೆ ನಿಂತು ಉಸಿರು ಕಟ್ಟಿಸಬಹುದು. ಸ್ಟೇನ್‌ಲೆಸ್ ಹೊಗೆಯಲ್ಲಿ ಕ್ರೋಮಿಯಂ ಇರುತ್ತದೆ, ಅದೂ ಹೊರಗೆ ಹೋಗಬೇಕು.

ಕಲಿಯೋಕೆ ಪೈಪ್ ಎಲ್ಲಿ? ಸ್ಟೇನ್‌ಲೆಸ್ ರೇಲಿಂಗ್ ಮಾಡುವ ಅಂಗಡಿಗೆ ಹೋಗಿ ಎರಡು ಇಂಚಿನ ಪೈಪ್‌ನ ಉಳಿಕೆ ತುಂಡು ಕೇಳಿ, ತೂಕಕ್ಕೆ ಕೊಡುತ್ತಾರೆ. ಅದು 202 ಗ್ರೇಡ್ ಇರಬಹುದು, ಕಲಿಕೆಗೆ ಪರವಾಗಿಲ್ಲ. ಕಾರಿಗೆ ಹಾಕುವಾಗ 304, ದಪ್ಪ 1.5 ಎಂಎಂ ತಗೊಳ್ಳಿ, ಅದಕ್ಕೆ ಕರಗಿಸಿ ತುಂಬಲು 308ಎಲ್ ರಾಡ್. ಹಳೆ ಎಂಎಸ್ ಪೈಪ್‌ಗೆ ಸ್ಟೇನ್‌ಲೆಸ್ ಸೇರಿಸುವುದಿದ್ದರೆ 309ಎಲ್. ಸತು ಲೇಪಿಸಿದ ಜಿಐ ಪೈಪ್ ಹತ್ತಿರ ಹೋಗಬೇಡಿ, ಸತುವಿನ ಹೊಗೆಗೆ ಜ್ವರ ಬರುತ್ತದೆ.

ಬಹಳ ಜನ ಕೈ ಸ್ಥಿರ ಇಲ್ಲ ಅಂತ ಚಿಂತೆ ಮಾಡುತ್ತಾರೆ. ನನ್ನ ಪ್ರಕಾರ ಟಿಗ್‌ನಲ್ಲಿ ಮುಕ್ಕಾಲು ಕೆಲಸ ಆರ್ಕ್ ಹೊತ್ತುವ ಮೊದಲೇ ಮುಗಿದಿರಬೇಕು. ಪೈಪ್ ನೇರ ಕತ್ತರಿಸಿ, ಫೈಲ್ ಹಾಕಿ, ಎರಡು ತುಂಡು ಜೋಡಿಸಿ ಬೆಳಕಿಗೆ ಹಿಡಿಯಿರಿ. ಸಂದಿನಲ್ಲಿ ಬೆಳಕು ಕಂಡರೆ ಮತ್ತೆ ಫೈಲ್ ಹಾಕಿ. ಸಂದು ಇದ್ದ ಕಡೆ ತೆಳು ಪೈಪ್ ಕರಗಿ ತೂತಾಗುತ್ತದೆ, ಆಗ ಎಂಥ ಕೈ ಇದ್ದರೂ ಕಷ್ಟ. ಆಮೇಲೆ ಒಳಗೂ ಹೊರಗೂ ಅಸಿಟೋನ್ ಹಾಕಿ ಒರೆಸಿ, ರಾಡನ್ನೂ ಒರೆಸಿ, ಆರಿದ ಮೇಲೆ ಬಟ್ಟೆ, ಡಬ್ಬಿ ಎರಡನ್ನೂ ದೂರ ಇಡಿ. ಬ್ರೇಕ್ ಕ್ಲೀನರ್ ಸ್ಪ್ರೇ ಬಳಸಲೇಬೇಡಿ. ಕ್ಲೋರಿನ್ ಇರುವ ಕ್ಲೀನರ್ ಆರ್ಕ್‌ಗೆ ಸಿಕ್ಕರೆ ಫಾಸ್ಜೀನ್ ಅನ್ನುವ ವಿಷಗಾಳಿ ಹುಟ್ಟುತ್ತದೆ, ಅದು ಜೀವ ತೆಗೆಯುತ್ತದೆ.

ಟಂಗ್‌ಸ್ಟನ್ 1.6 ಎಂಎಂ, ಲ್ಯಾಂಥನಂ ಸೇರಿಸಿದ್ದು. ಕೆಂಪು ತುದಿಯದ್ದರಲ್ಲಿ ಥೋರಿಯಂ ಇರುತ್ತದೆ, ಉಜ್ಜಿದ ಧೂಳು ಒಳ್ಳೆಯದಲ್ಲ. ಉದ್ದಕ್ಕೆ ಉಜ್ಜಿ ಚೂಪು ಮಾಡಿ, ಅಡ್ಡ ಉಜ್ಜಿದರೆ ಆರ್ಕ್ ಅಲೆದಾಡುತ್ತದೆ. ಪೂರ್ತಿ ತೋಳಿನ ಕಾಟನ್ ಶರ್ಟ್ ಹಾಕಿ, ಸೆಖೆ ಅಂತ ಬನಿಯನ್‌ನಲ್ಲಿ ಕೂತರೆ ಚರ್ಮ ಸುಡುತ್ತದೆ. ಹೆಲ್ಮೆಟ್ ಶೇಡ್ 10.

ಮೊದಲು ರಾಡ್ ಇಲ್ಲದೆ, 45 ಆಂಪ್ ಇಟ್ಟು, ಪೈಪ್ ಮೇಲೆ ಬರೀ ಕರಗಿದ ಕೆರೆ ಮಾಡಿ ನಡೆಸಿ. ಟಂಗ್‌ಸ್ಟನ್ ತುದಿಗೂ ಪೈಪ್‌ಗೂ ಒಂದೂವರೆ ಎಂಎಂ ದೂರ ಇರಲಿ. ಟಾರ್ಚ್ ಸ್ವಲ್ಪ ಹಿಂದಕ್ಕೆ ಬಾಗಿರಲಿ. ಕೆರೆ ಒಂದೇ ಅಗಲದಲ್ಲಿ ಸಾಗುತ್ತಿದೆ ಅನ್ನಿಸಿದ ಮೇಲೆ ರಾಡ್ ಹಿಡಿಯಿರಿ, ಕೆರೆಯ ಮುಂದಿನ ಅಂಚಿಗೆ ಮುಟ್ಟಿಸಿ ಹಿಂದೆ ತಗೊಳ್ಳಿ, ಆದರೆ ರಾಡ್ ತುದಿ ಗ್ಯಾಸ್ ಹೊದಿಕೆಯ ಒಳಗೇ ಇರಬೇಕು. ಟಂಗ್‌ಸ್ಟನ್ ಕೆರೆಗೆ ತಾಗಿದರೆ ನಿಲ್ಲಿಸಿ, ಮತ್ತೆ ಉಜ್ಜಿ. ಮುಗಿಸಿದ ಕೂಡಲೇ ಟಾರ್ಚ್ ಎತ್ತಬೇಡಿ, ಆರೇಳು ಸೆಕೆಂಡ್ ಗ್ಯಾಸ್ ಹರಿಯಲಿ. ತಿಳಿ ಚಿನ್ನದ ಬಣ್ಣ ಬಂದರೆ ಚೆನ್ನಾಗಿದೆ. ಬೂದು ಬಣ್ಣ ಅಂದರೆ ಕಾವು ಜಾಸ್ತಿ, ಇಲ್ಲ ಗ್ಯಾಸ್ ಸಾಲಲಿಲ್ಲ.

ಜೋಡಣೆಗೆ ಎದುರು ಬದುರು ನಾಲ್ಕು ಟ್ಯಾಕ್, ಅಂದರೆ ಹಿಡಿದು ನಿಲ್ಲಿಸುವ ಚುಕ್ಕಿ ವೆಲ್ಡ್, ಹಾಕಿ. ಕಾಲು ಸುತ್ತು ಮಾಡಿ ಎದುರಿನ ಕಾಲು ಸುತ್ತಿಗೆ ಹೋಗಿ, ಆಗ ಪೈಪ್ ಒಂದೇ ಕಡೆ ಎಳೆಯಲ್ಲ. ಒಳಗೂ ಆರ್ಗಾನ್ ತುಂಬಲೇಬೇಕು, ಇಲ್ಲದಿದ್ದರೆ ಒಳಮೈ ಕರಿ ಸಕ್ಕರೆ ಹರಳಿನ ಹಾಗೆ ಉಬ್ಬುತ್ತದೆ. ಇಂಟರ್‌ಕೂಲರ್ ಪೈಪ್‌ನಲ್ಲಿ ಆ ಹರಳು ಉದುರಿದರೆ ನೇರ ಎಂಜಿನ್ ಒಳಗೆ. ಎರಡೂ ಬಾಯಿಗೆ ಅಲ್ಯೂಮಿನಿಯಂ ಟೇಪ್ ಹಚ್ಚಿ, ಕೆಳಗಿನಿಂದ ಗ್ಯಾಸ್ ಬಿಟ್ಟು ಮೇಲೆ ಸಣ್ಣ ತೂತು ಇಡಿ. ಅರ್ಧ ಮೀಟರ್ ಪೈಪ್‌ನಲ್ಲಿ ಇರೋದು ಒಂದು ಲೀಟರ್‌ನಷ್ಟು ಗಾಳಿ, ಆದರೂ ಎರಡು ನಿಮಿಷ ಹರಿಯಲು ಬಿಡಿ.

ಬೆಂಡ್ ಬೇಕಾದಾಗ ನಿಜವಾದ ಅಭ್ಯಾಸ. ಪೈಪನ್ನು ಓರೆಯಾಗಿ ಕತ್ತರಿಸಿ, ತುಂಡು ತಿರುಗಿಸಿ ಜೋಡಿಸಿದರೆ ಮೂಲೆ ತಿರುಗುತ್ತದೆ. ಪ್ರತಿ ಕಟ್ 9 ಡಿಗ್ರಿ ಓರೆ ಇದ್ದರೆ ಒಂದು ಜೋಡಣೆಗೆ 18 ಡಿಗ್ರಿ, ಐದು ಜೋಡಣೆಗೆ ಸರಿಯಾಗಿ 90. ಒಂದೇ ಬೆಂಡ್‌ನಲ್ಲಿ ಒಂದೇ ಥರದ ಐದು ವೆಲ್ಡ್, ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ವೆಲ್ಡಿಂಗ್ ಎಲ್ಲಾ ಟೇಬಲ್ ಮೇಲೇ ಮಾಡಿ. ಅಳತೆಗೆ ಕಾರಿನಲ್ಲೇ ಟ್ಯಾಕ್ ಹಾಕಲೇಬೇಕಾದರೆ ಬ್ಯಾಟರಿ ಮೈನಸ್ ಬಿಚ್ಚಿ, ಅರ್ತ್ ಕ್ಲಾಂಪನ್ನು ಅದೇ ಪೈಪ್‌ಗೆ ಹಾಕಿ, ಡೀಸೆಲ್ ಪೆಟ್ರೋಲ್ ಟ್ಯಾಂಕ್ ಎಲ್ಲಿದೆ ನೋಡಿಕೊಳ್ಳಿ. ಮುಗಿದ ಪೈಪ್‌ನ ಒಳಗೆ ಬ್ರಷ್ ಹಾಕಿ ತೊಳೆಯಿರಿ, ಎರಡೂ ಬಾಯಿ ಮುಚ್ಚಿ ಸೈಕಲ್ ಪಂಪಿನಿಂದ ಸ್ವಲ್ಪ ಗಾಳಿ ತುಂಬಿ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದ ಜಾಗವನ್ನು ಪೆನ್‌ನಿಂದ ಗುರುತು ಮಾಡಿ, ಗ್ರೈಂಡ್ ಮಾಡಿ, ಒರೆಸಿ, ಒಳಗೆ ಮತ್ತೆ ಆರ್ಗಾನ್ ತುಂಬಿಯೇ ವೆಲ್ಡ್ ಮಾಡಿ.